ಬೇಸಿಗೆ ರಜೆಗೆ ಚೇಂಬರ್ ಮ್ಯೂಸಿಕ್ ಕೋರ್ಸ್: ನನ್ನಂಥ ಹವ್ಯಾಸಿ ಹೋಗಬಹುದಾ?

ಹೊಸ ವಯಲಿನ್

ಎಲ್ಲರಿಗೂ ನಮಸ್ಕಾರ. ನಾನು ದೊಡ್ಡವನಾದ ಮೇಲೆ ವಯಲಿನ್ ಕಲಿಯಲು ಶುರು ಮಾಡಿದವನು. ಕೆಲಸದ ಮಧ್ಯೆ ದಿನಾ ಸ್ವಲ್ಪ ಹೊತ್ತು ನುಡಿಸುತ್ತೇನೆ. ಮೇಷ್ಟ್ರ ಜೊತೆ ಡ್ಯುಯೆಟ್ ನುಡಿಸಿದ್ದು ಬಿಟ್ಟರೆ ಬೇರೆಯವರ ಜೊತೆ ಕೂತು ನುಡಿಸಿದ ಅನುಭವವಿಲ್ಲ. ಈ ವರ್ಷದ ರಜೆಯನ್ನೆಲ್ಲ ಒಟ್ಟು ಮಾಡಿ ಒಂದು ವಾರದ ಬೇಸಿಗೆ ಚೇಂಬರ್ ಮ್ಯೂಸಿಕ್ ಕೋರ್ಸ್‌ಗೆ ಹೋಗಬೇಕು ಅಂತ ತುಂಬಾ ಆಸೆ. ಚೇಂಬರ್ ಮ್ಯೂಸಿಕ್ ಅಂದರೆ ಕೆಲವೇ ಜನ ಕೂತು, ಒಬ್ಬೊಬ್ಬರು ಒಂದೊಂದು ಸಾಲು ನುಡಿಸುವ ಪಾಶ್ಚಾತ್ಯ ಸಂಗೀತ. ಮೂವರಾದರೆ ಟ್ರಯೋ, ನಾಲ್ವರಾದರೆ ಕ್ವಾರ್ಟೆಟ್, ಐವರಾದರೆ ಕ್ವಿಂಟೆಟ್.

ಅರ್ಜಿ ತೆಗೆದು ನೋಡಿದರೆ 'ನಿಮ್ಮ ಮಟ್ಟ' ಅಂತ ಒಂದು ಕಾಲಂ ಇದೆ. ಎ, ಬಿ, ಸಿ, ಡಿ ಅಂತ ನಾಲ್ಕು ಆಯ್ಕೆ, ಎ ಅಂದರೆ ಎಲ್ಲಕ್ಕಿಂತ ಮೇಲಿನದು. ನಾನು ಎಲ್ಲಿ ಬರುತ್ತೇನೆ ಅಂತ ಹೇಗೆ ಗೊತ್ತಾಗಬೇಕು? ನನ್ನಿಂದ ಉಳಿದ ಮೂವರ ರಜೆ ಹಾಳಾಗಬಾರದು, ಅದೇ ದೊಡ್ಡ ಚಿಂತೆ. ಹೋಗಿ ಬಂದವರು ದಯವಿಟ್ಟು ಬಿಡಿಸಿ ಹೇಳಿ.

ವಯೋಲಾದವಳು

ಖಂಡಿತ ಹೋಗಿ. ಬಹಳ ವರ್ಷಗಳಿಂದ ನನ್ನ ರಜೆ ಅಂದರೆ ಇದೇ. ಬೇರೆ ಯಾವ ರಜೆಯೂ ನನಗೆ ಇಷ್ಟು ಕೊಟ್ಟಿಲ್ಲ.

ಮೊದಲು ಆ ಕಾಲಂ ವಿಷಯ. ನಿಮ್ಮ ಮಟ್ಟವನ್ನು ನೀವೇ ಬರೆದುಕೊಳ್ಳುವುದು ಹವ್ಯಾಸಿಗಳ ನಡುವೆ ಹಳೇ ಪದ್ಧತಿ. ಅಮೆರಿಕದಲ್ಲಿ ಲಿಯೊನಾರ್ಡ್ ಸ್ಟ್ರಾಸ್ ಎನ್ನುವವರು 1947ರಲ್ಲಿ 'ಅಮೆಚೂರ್ ಚೇಂಬರ್ ಮ್ಯೂಸಿಕ್ ಪ್ಲೇಯರ್ಸ್' ಎಂಬ ಸಂಘ ಕಟ್ಟಿದರು. ಬೇರೆ ಊರಿಗೆ ಹೋದಾಗ ಜೊತೆಗೆ ನುಡಿಸುವವರು ಸಿಗಲಿ ಅಂತ ಸದಸ್ಯರ ಪಟ್ಟಿ ಮಾಡಿದರು. ಆ ಪಟ್ಟಿಯಲ್ಲಿ ಹೆಸರಿನ ಪಕ್ಕ ಇರುವ ಅಕ್ಷರ ಸದಸ್ಯರು ತಾವೇ ಕೊಟ್ಟುಕೊಂಡದ್ದು. ಪರೀಕ್ಷೆ ಇಲ್ಲ, ಸರ್ಟಿಫಿಕೇಟ್ ಇಲ್ಲ. ನಿಮ್ಮ ಅರ್ಜಿಯೂ ಹಾಗೇ. ಯಾರೂ ನಿಮ್ಮನ್ನು ಅಳೆಯಲು ಕೂತಿಲ್ಲ. ಸರಿಯಾದ ಗುಂಪಿಗೆ ಹಾಕಲು ಸಂಘಟಕರಿಗೆ ಒಂದು ಅಂದಾಜು ಬೇಕು, ಅಷ್ಟೇ.

ನನ್ನ ಸಲಹೆ ಇದು. ಎರಡು ಅಕ್ಷರಗಳ ನಡುವೆ ಅನುಮಾನ ಬಂದರೆ ಕೆಳಗಿನದನ್ನೇ ಬರೆಯಿರಿ. ಇದು ವಿನಯದ ಮಾತಲ್ಲ. ಬೆರಳು ಸ್ವರ ಹುಡುಕುವುದರಲ್ಲೇ ಮುಳುಗಿದ್ದರೆ ಕಿವಿಗೆ ಬಿಡುವೇ ಇರುವುದಿಲ್ಲ. ಪಕ್ಕದವರು ಏನು ನುಡಿಸುತ್ತಿದ್ದಾರೆ ಅಂತ ಕೇಳುವುದೇ ಇಲ್ಲ. ಅವರನ್ನು ಕೇಳುತ್ತಾ ನುಡಿಸುವುದಕ್ಕೇ ಅಲ್ವಾ ನಾವು ಅಲ್ಲಿಗೆ ಹೋಗುವುದು? ನಿಮ್ಮ ಕೈಗೆ ಸ್ವಲ್ಪ ಸುಲಭ ಅನ್ನಿಸುವ ಪಾರ್ಟ್ (ಗುಂಪಿನಲ್ಲಿ ಒಬ್ಬರು ನುಡಿಸುವ ಸಾಲು) ಸಿಕ್ಕರೆ ವಾರವೆಲ್ಲ ನಾಲ್ಕು ದನಿ ಕೇಳಿಸುತ್ತವೆ. ಕಷ್ಟದ್ದು ಸಿಕ್ಕರೆ ನಿಮ್ಮದೊಂದೇ.

ಅಕ್ಷರಕ್ಕಿಂತ ಕೆಳಗಿನ 'ಇತರೆ ವಿವರ' ಜಾಗ ಮುಖ್ಯ. ಇತ್ತೀಚೆಗೆ ಯಾವ ಕೃತಿ ನುಡಿಸಿದಿರಿ, ಯಾವ ಪಾರ್ಟ್, ಅದನ್ನು ಬರೆದ ವೇಗದಲ್ಲಿ ನುಡಿಸಲು ಆಯಿತಾ, ಥರ್ಡ್ ಪೊಸಿಶನ್ (ಎಡಗೈ ಮೇಲಕ್ಕೆ ಸರಿಸಿ ನುಡಿಸುವುದು) ಸಲೀಸಾ, ನೋಟ್ಸ್ ನೋಡಿ ತಕ್ಷಣ ನುಡಿಸಬಲ್ಲಿರಾ, ಎಲ್ಲ ಬರೆಯಿರಿ. ನಾಲ್ಕು ಸಾಲು ಜಾಸ್ತಿ ಆದರೂ ಪರವಾಗಿಲ್ಲ. ಒಂದು ಅಕ್ಷರ ನೋಡಿ ಗುಂಪು ಮಾಡುವುದು ಸಂಘಟಕರಿಗೂ ಕಷ್ಟ.

ಚೆಲ್ಲೊ ಗೆಳೆಯ

ಮೇಡಂ ಹೇಳಿದ್ದಕ್ಕೆ ನನ್ನದೂ ಹೂಂ. 'ಮೂವರ ರಜೆ ಹಾಳಾಗಬಾರದು' ಅಂದಿರಲ್ಲ, ಅದಕ್ಕೆ ಹೇಳುತ್ತೇನೆ. ತಪ್ಪು ಸ್ವರದಿಂದ ಯಾರ ರಜೆಯೂ ಹಾಳಾಗುವುದಿಲ್ಲ. ತಾಳದ ಎಣಿಕೆ ತಪ್ಪಿದರೆ ಮಾತ್ರ ಎಲ್ಲರೂ ನಿಲ್ಲಬೇಕಾಗುತ್ತದೆ. ಆದ್ದರಿಂದ ಹೋಗುವ ಮುಂಚೆ ಒಂದೇ ಒಂದು ಅಭ್ಯಾಸ ಮಾಡಿ. ಪಾರ್ಟ್ ಎದುರಿಗಿಟ್ಟುಕೊಂಡು ರೆಕಾರ್ಡಿಂಗ್ ಹಾಕಿ. ವಯಲಿನ್ ಮುಟ್ಟಬೇಡಿ. ಬರೀ ಎಣಿಸಿ. ರೆಸ್ಟ್ (ನೀವು ಸುಮ್ಮನಿರಬೇಕಾದ ಹೊತ್ತು) ಮುಗಿದು ನಿಮ್ಮ ಎತ್ತುಗಡೆ ಬಂದಾಗ ಚಪ್ಪಾಳೆ ತಟ್ಟಿ. ಇದು ಸರಿ ಬಂದರೆ ಅರ್ಧ ಗೆದ್ದಿರಿ.

ನುಡಿಸುವಾಗ ಎಲ್ಲೋ ಕಳೆದುಹೋದರೆ ಗಾಬರಿಯಾಗಬೇಡಿ. ಕಮಾನು ಎತ್ತಿ ಸುಮ್ನೆ ಕೂತು ಕೇಳಿ. ಪಾರ್ಟ್‌ನಲ್ಲಿ ಜಾಗ ಗುರುತಿಸಲು ದೊಡ್ಡ ಅಕ್ಷರಗಳು ಇರುತ್ತವಲ್ಲ, ಮುಂದಿನ ಅಕ್ಷರ ಬಂದಾಗ ಯಾರಾದರೂ ಕೂಗಿ ಹೇಳುತ್ತಾರೆ. ಅಲ್ಲಿಂದ ಸೇರಿಕೊಳ್ಳಿ. ಅದು ಎಲ್ಲರಿಗೂ ಆಗುತ್ತದೆ, ಅರ್ಜಿಯಲ್ಲಿ ಎ ಅಂತ ಬರೆದವರಿಗೂ.

ಮೊದಲ ವಯಲಿನ್

ನನ್ನ ಅಭಿಪ್ರಾಯ ಬೇರೆ, ಹೇಳಿಬಿಡುತ್ತೇನೆ. ಎಲ್ಲರೂ ಕೆಳಗಿನ ಅಕ್ಷರವನ್ನೇ ಬರೆದರೆ ಯಾರು ಯಾರನ್ನು ಮೇಲಕ್ಕೆ ಎಳೆಯುವುದು? ನನಗಿಂತ ಚೆನ್ನಾಗಿ ನುಡಿಸುವವರ ಪಕ್ಕ ಕೂತಾಗಲೇ ನನ್ನ ಕಮಾನು ಬದಲಾಯಿತು, ಶ್ರುತಿ ಬದಲಾಯಿತು. ಸುಲಭದ್ದನ್ನು ಮನೆಯಲ್ಲೂ ನುಡಿಸಬಹುದು. ವರ್ಷಕ್ಕೊಂದು ಸಲ ಸಿಗುವ ವಾರದಲ್ಲಿ ಬೀಥೋವನ್‌ಗೆ ಕೈ ಹಾಕದೆ ಇನ್ಯಾವಾಗ ಹಾಕುವುದು?

ಇನ್ನೊಂದು. ವಾರವೆಲ್ಲ ಒಂದೇ ಗುಂಪು, ಒಂದೇ ಕೃತಿ ಅನ್ನುವ ಕೋರ್ಸ್‌ಗಿಂತ ದಿನಕ್ಕೊಂದು ಗುಂಪು ಬದಲಿಸುವ ಕೋರ್ಸ್ ನನಗೆ ಇಷ್ಟ. ಎಷ್ಟು ಹೊಸ ಜನ, ಎಷ್ಟು ಹೊಸ ಸಂಗೀತ!

ವಯೋಲಾದವಳು

ಮೊದಲ ವಯಲಿನ್ ಸರ್, ಚೆನ್ನಾಗಿ ನುಡಿಸುವವರ ಪಕ್ಕ ಕೂರಬೇಕು ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅವರ ಪಕ್ಕ ಕೂತು ಸುಲಭದ ಪಾರ್ಟ್ ನುಡಿಸಬೇಕು. ಆಗಲೇ ಅವರಿಂದ ಕಲಿಯಲು ಪುರುಸೊತ್ತು ಸಿಗುವುದು.

ಚೆಕ್ ಸಂಗೀತಕಾರ ಡ್ವೊರ್ಶಾಕ್ ಮಾಡಿದ್ದನ್ನು ನೋಡಿ. 1887ರಲ್ಲಿ ಪ್ರಾಗ್‌ನಲ್ಲಿ ಅವರಿದ್ದ ಮನೆಯಲ್ಲೇ ಒಬ್ಬ ಕೆಮಿಸ್ಟ್ರಿ ವಿದ್ಯಾರ್ಥಿ ವಾಸವಾಗಿದ್ದ. ಹವ್ಯಾಸಕ್ಕೆ ವಯಲಿನ್ ಕಲಿಯುತ್ತಿದ್ದ. ಆ ಹುಡುಗ, ಅವನ ವಯಲಿನ್ ಮೇಷ್ಟ್ರು, ವಯೋಲಾಕ್ಕೆ (ವಯಲಿನ್‌ಗಿಂತ ಸ್ವಲ್ಪ ದೊಡ್ಡ, ತಗ್ಗು ದನಿಯ ವಾದ್ಯ) ತಾವು, ಹೀಗೆ ಮೂವರು ಕೂತು ನುಡಿಸೋಣ ಅಂತ ಡ್ವೊರ್ಶಾಕ್ 'ತೆರ್ಜೆತ್ತೊ' ಬರೆದರು. ಕೃತಿ ಸಂಖ್ಯೆ ಓಪಸ್ 74. ಹುಡುಗನಿಗೆ ಅದು ಕಷ್ಟವಾಯಿತು. ಆಗ ಅದೇ ಮೂರು ವಾದ್ಯಗಳಿಗೆ ಸುಲಭದ ಇನ್ನೊಂದು ಕೃತಿ ಬರೆದುಕೊಟ್ಟರು. ಅದೇ ಓಪಸ್ 75ಎ, 'ಮಿನಿಯೇಚರ್ಸ್'. ಅದರ ಕೊನೆಯ ನಿಧಾನದ ಭಾಗವನ್ನು ಒಮ್ಮೆ ನುಡಿಸಿ ನೋಡಿ. ಸ್ವರ ಕಮ್ಮಿ, ಭಾವ ಎಳ್ಳಷ್ಟೂ ಕಮ್ಮಿಯಿಲ್ಲ. ಅಷ್ಟು ದೊಡ್ಡ ಸಂಗೀತಗಾರರೇ ನುಡಿಸುವವನ ಕೈ ನೋಡಿ ಸುಲಭ ಮಾಡಿಕೊಟ್ಟಿದ್ದಾರೆ. ನಾವು ಯಾಕೆ ಹಿಂಜರಿಯಬೇಕು?

ಗುಂಪು ಬದಲಿಸುವ ಕೋರ್ಸ್ ಅನುಭವ ಇದ್ದವರಿಗೆ ಸರಿ. ಮೊದಲ ಸಲ ಹೋಗುವವರಿಗೆ ಒಂದೇ ಗುಂಪು, ಒಂದೇ ಕೃತಿ ಇರುವುದೇ ಒಳ್ಳೆಯದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಮೊದಲ ದಿನ ನಾಲ್ವರೂ ತಮ್ಮ ತಮ್ಮ ಸ್ಟ್ಯಾಂಡ್ ನೋಡುತ್ತಿರುತ್ತಾರೆ. ಮೂರನೇ ದಿನದ ಹೊತ್ತಿಗೆ ತಲೆ ಎತ್ತಿ ಒಬ್ಬರನ್ನೊಬ್ಬರು ನೋಡಲು ಶುರು ಮಾಡುತ್ತಾರೆ. ದಿನಾ ಗುಂಪು ಬದಲಿಸಿದರೆ ಆ ಮೂರನೇ ದಿನ ಬರುವುದೇ ಇಲ್ಲ.

ಪಿಯಾನೊ

ನಮ್ಮ ಕಷ್ಟವನ್ನೂ ಸ್ವಲ್ಪ ಕೇಳಿ. ಪಿಯಾನೊದವರಿಗೆ ಕೋರ್ಸ್‌ಗಳಲ್ಲಿ ಸೀಟು ಕಮ್ಮಿ. ಒಂದು ಗುಂಪಿಗೆ ಒಬ್ಬರೇ ಸಾಕು, ಅರ್ಜಿ ಹಾಕುವವರು ಜಾಸ್ತಿ. ಬೇಗ ಹಾಕಿ. ಇನ್ನೊಂದು, ಪುಟದಲ್ಲಿ ಅತಿ ಹೆಚ್ಚು ಸ್ವರ ಇರುವುದು ನಮ್ಮ ಪಾಲಿಗೇ. ಮೊಜಾರ್ಟ್‌ನ ಜಿ ಮೈನರ್ ಪಿಯಾನೊ ಕ್ವಾರ್ಟೆಟ್ ಆಗಲಿ (1785, ಮೊಜಾರ್ಟ್ ಕೃತಿಪಟ್ಟಿಯಲ್ಲಿ ಕೆ. 478), ಶೂಬರ್ಟ್‌ನ 'ಟ್ರೌಟ್' ಕ್ವಿಂಟೆಟ್ ಆಗಲಿ, ಅಲ್ಲಿಗೆ ಹೋಗಿ ಓದುತ್ತೇನೆ ಅಂದರೆ ಆಗುವುದಿಲ್ಲ. ತಿಂಗಳುಗಟ್ಟಲೆ ಮುಂಚೆ ಕಲಿತು ಹೋಗಬೇಕು.

'ಟ್ರೌಟ್' ಹುಟ್ಟಿದ್ದೂ ಒಬ್ಬ ಹವ್ಯಾಸಿಯಿಂದ. 1819ರ ಬೇಸಿಗೆಯಲ್ಲಿ ಶೂಬರ್ಟ್ ಸ್ಟೈರ್ ಊರಿಗೆ ಹೋಗಿದ್ದರು. ಅಲ್ಲಿ ಪೌಮ್‌ಗಾರ್ಟ್ನರ್ ಎಂಬ ಸಿರಿವಂತ ಹವ್ಯಾಸಿ ಚೆಲ್ಲೊ ವಾದಕ ಕೇಳಿಕೊಂಡಿದ್ದಕ್ಕೆ ಅದನ್ನು ಬರೆದದ್ದು. ಮನೆಯಲ್ಲಿ ಕೂತು ಗೆಳೆಯರೊಂದಿಗೆ ನುಡಿಸುವುದಕ್ಕೆ.

ಪಿಯಾನೊದವರಿಗೆ ಮೊದಲ ಸಲ ಹೈಡನ್‌ನ ಪಿಯಾನೊ ಟ್ರಯೋ ಒಳ್ಳೆಯದು. ಚೆಲ್ಲೊ ಬಹುಪಾಲು ನಮ್ಮ ಎಡಗೈ ಜೊತೆಯೇ ಹೋಗುತ್ತದೆ. ಚೆಲ್ಲೊದವರಿಗೆ ಬೇಜಾರಾಗಬಹುದು, ಆದರೆ ಇಬ್ಬರೂ ಒಂದೇ ದನಿಯಾಗಿ ನುಡಿಸುವುದನ್ನು ಅದಕ್ಕಿಂತ ಚೆನ್ನಾಗಿ ಕಲಿಸುವ ಸಂಗೀತ ನನಗೆ ಸಿಕ್ಕಿಲ್ಲ.

ಚೆಲ್ಲೊ ಗೆಳೆಯ

ಬೇಜಾರೇನಿಲ್ಲ ಮೇಡಂ. ನಿಮ್ಮ ಎಡಗೈ ಚೆನ್ನಾಗಿದ್ದರೆ ನನಗೂ ಖುಷಿ.

ಕ್ಲಾರಿನೆಟ್

ಊದುವ ವಾದ್ಯದವರಿಗೆ ಒಂದು ಮಾತು. ಎಲ್ಲರಿಗೂ ಆಸೆ ಮೊಜಾರ್ಟ್‌ನ ಕ್ಲಾರಿನೆಟ್ ಕ್ವಿಂಟೆಟ್ (1789, ಕೆ. 581). ಅದಕ್ಕೆ ಎ ಶ್ರುತಿಯ ಕ್ಲಾರಿನೆಟ್ ಬೇಕು. ಬಿ ಫ್ಲ್ಯಾಟ್ ಶ್ರುತಿಯ ಕ್ಲಾರಿನೆಟ್ ಒಂದೇ ಇರುವವರು ಅರ್ಜಿಯಲ್ಲಿ ಅದನ್ನು ಬರೆಯಿರಿ. 'ಕೇಗೆಲ್‌ಸ್ಟಾಟ್' ಟ್ರಯೋಗೆ (ಕೆ. 498) ಬಿ ಫ್ಲ್ಯಾಟ್ ಸಾಕು. ಕ್ಲಾರಿನೆಟ್, ವಯೋಲಾ, ಪಿಯಾನೊ. ಮೂವರಿಗೂ ಮಾತಾಡಲು ಇಷ್ಟೊಂದು ಜಾಗ ಇರುವ ಕೃತಿ ಅಪರೂಪ.

ಹೊಸ ವಯಲಿನ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ದಿನ ಹೇಗಿರುತ್ತದೆ? ಕೋಚ್ ಎದುರಿಗೆ ಕೂತಿದ್ದರೆ ಕೈ ನಡುಗುತ್ತದೆ, ಅವರು ಏನು ಮಾಡಿಸುತ್ತಾರೆ?

ವಯೋಲಾದವಳು

ಕೋರ್ಸ್‌ನಿಂದ ಕೋರ್ಸ್‌ಗೆ ಬೇರೆ. ಸಾಮಾನ್ಯವಾಗಿ ಬೆಳಿಗ್ಗೆ ಗುಂಪಿನ ಅಭ್ಯಾಸ, ಅದರಲ್ಲಿ ಒಂದು ಪಾಲು ಕೋಚ್ ಜೊತೆ, ಉಳಿದದ್ದು ನೀವೇ. ಮಧ್ಯಾಹ್ನ ಬಿಡುವು ಅಥವಾ ಇನ್ನೊಂದು ಗುಂಪು. ಸಂಜೆ ಕೋಚ್‌ಗಳ ಸಂಗೀತ ಕಛೇರಿ ಇರಬಹುದು. ಅದಾದ ಮೇಲೆ ಯಾರು ಬೇಕಾದರೂ ಯಾರ ಜೊತೆ ಬೇಕಾದರೂ ಕೂತು ಸುಮ್ನೆ ಓದಿ ನುಡಿಸುವುದು. ಮೊದಲ ವಯಲಿನ್ ಸರ್ ಹೇಳಿದ ಹೊಸ ಜನ, ಹೊಸ ಸಂಗೀತ ಎಲ್ಲ ಈ ಹೊತ್ತಿನಲ್ಲಿ ಸಿಗುತ್ತದೆ. ಚೆಲ್ಲೊದವರು ಇನ್ನೊಬ್ಬರು ಸಿಕ್ಕರೆ ಶೂಬರ್ಟ್‌ನ ಎರಡು ಚೆಲ್ಲೊ ಕ್ವಿಂಟೆಟ್ ತೆಗೆಯುತ್ತಾರೆ. ಎಂಟು ಜನ ಸೇರಿದರೆ ಮೆಂಡೆಲ್ಸನ್ ಆಕ್ಟೆಟ್. 16ರ ಹುಡುಗ 1825ರಲ್ಲಿ ಬರೆದದ್ದು, ಇವತ್ತಿಗೂ ಎಂಟು ಹವ್ಯಾಸಿಗಳನ್ನು ಕುರ್ಚಿ ತುದಿಗೆ ತಂದು ಕೂರಿಸುತ್ತದೆ.

ಕೋಚ್ ಬಗ್ಗೆ. ಒಳ್ಳೆಯ ಕೋಚ್ ನಿಮ್ಮ ಬೆರಳು ತಿದ್ದಲು ಹೋಗುವುದಿಲ್ಲ. ಅದು ನಿಮ್ಮ ಮೇಷ್ಟ್ರ ಕೆಲಸ. ಕೋಚ್ ಮಾಡುವುದು ಕಿವಿ ತೆರೆಸುವ ಕೆಲಸ. ಮೊದಲ ವಯಲಿನ್ ಸುಮ್ಮನಿರಲಿ, ಉಳಿದ ಮೂವರು ನುಡಿಸಿ ಅನ್ನುತ್ತಾರೆ. ಧಾಟಿ ಇಲ್ಲದೆ ಬರೀ ಒಳಗಿನ ದನಿಗಳು ಕೇಳಿದಾಗ, ಇಷ್ಟು ದಿನ ಅಲ್ಲಿ ಇದೆಲ್ಲ ನಡೆಯುತ್ತಿತ್ತಾ ಅಂತ ಆಶ್ಚರ್ಯವಾಗುತ್ತದೆ. ನಿಮ್ಮ ಸಾಲನ್ನು ಹಾಡಿ ತೋರಿಸಿ ಅನ್ನುತ್ತಾರೆ. ಹಾಡುವಾಗ ಎಲ್ಲಿ ಉಸಿರು ತೆಗೆದುಕೊಂಡಿರೋ ಅಲ್ಲೇ ಕಮಾನು ಬಿಡಬೇಕು ಅಂತ ತಾನಾಗಿ ತಿಳಿಯುತ್ತದೆ. ಕುರ್ಚಿಗಳ ಜಾಗ ಬದಲಿಸಿ, ಎರಡನೇ ವಯಲಿನ್ ಪಕ್ಕ ಚೆಲ್ಲೊ ಕೂರಿಸುತ್ತಾರೆ. ಒಂದೇ ಅಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೇಲೆ ಹತ್ತು ನಿಮಿಷ ನಿಲ್ಲಿಸಿ, ನಿಮ್ಮಲ್ಲಿ ಯಾರ ಸ್ವರ ಮೇಲೆ ಕೇಳಬೇಕು ಅಂತ ಕೇಳುತ್ತಾರೆ. ಇಲ್ಲಿ ಯಾರೂ ನಿಮ್ಮ ಕೈ ನಡುಕ ನೋಡುತ್ತಿರುವುದಿಲ್ಲ.

ಎತ್ತುಗಡೆ ಕೊಡುವುದನ್ನೂ, ಅಂದರೆ ಎಲ್ಲರೂ ಒಟ್ಟಿಗೆ ಶುರು ಮಾಡಲು ಸನ್ನೆ ಕೊಡುವುದನ್ನೂ, ಅಲ್ಲೇ ಕಲಿಯುತ್ತೀರಿ. ಶುರು ಮಾಡುವವರು ಯಾವ ವೇಗದಲ್ಲಿ ನುಡಿಸಬೇಕೋ ಅದೇ ವೇಗದಲ್ಲಿ ಉಸಿರು ಎಳೆದುಕೊಳ್ಳಬೇಕು. ಉಸಿರು ನಿಧಾನ, ಕಮಾನು ಜೋರು ಆದರೆ ಉಳಿದವರಿಗೆ ದಾರಿ ಸಿಗುವುದಿಲ್ಲ. ಮೊದಲ ವಯಲಿನ್ ಮಾತ್ರ ಎತ್ತುಗಡೆ ಕೊಡಬೇಕು ಅಂತಲೂ ಇಲ್ಲ. ಆ ಜಾಗದಲ್ಲಿ ಓಡುವ ಸ್ವರ ಯಾರ ಬಳಿ ಇದೆಯೋ ಅವರು ಕೊಟ್ಟರೆ ಚೆನ್ನ.

ಚೆಲ್ಲೊ ಗೆಳೆಯ

ಶ್ರುತಿ ಬಗ್ಗೆ ಒಂದು ವಿಷಯ, ಹೊಸಬರಿಗೆ ಯಾರೂ ಹೇಳುವುದಿಲ್ಲ. ನಾವು ತಂತಿ ಸೇರಿಸುವುದು ಶುದ್ಧ ಪಂಚಮದಲ್ಲಿ. ವಯಲಿನ್‌ನ ಇ ತಂತಿಯಿಂದ ಎ, ಡಿ, ಜಿ ಹೀಗೆ ಇಳಿಯುತ್ತಾ ವಯೋಲಾ ಮತ್ತು ಚೆಲ್ಲೊದ ಸಿ ತಂತಿವರೆಗೆ ಬಂದರೆ, ಕೆಳಗಿನ ಸಿ ಮತ್ತು ಮೇಲಿನ ಇ ಒಟ್ಟಿಗೆ ಹಿಡಿದಾಗ ಕಿವಿಗೆ ಚುಚ್ಚುತ್ತದೆ. ಆ ಅಂತರ ಶುದ್ಧವಾದದ್ದಕ್ಕಿಂತ ಸುಮಾರು 22 ಸೆಂಟ್ ಅಗಲ. ಅರ್ಧ ಸ್ವರಕ್ಕೆ 100 ಸೆಂಟ್ ಅಂತ ಲೆಕ್ಕ, ಅಂದರೆ ಸಣ್ಣದೇನಲ್ಲ. ಅದಕ್ಕೇ ನಾವು ಸಿ ತಂತಿಯನ್ನು ಕೂದಲೆಳೆಯಷ್ಟು ಮೇಲೆ ಇಡುತ್ತೇವೆ. ಟ್ಯೂನರ್‌ನಲ್ಲಿ ಒಬ್ಬೊಬ್ಬರೇ ಸೇರಿಸಿಕೊಂಡು ಬರುವುದಕ್ಕಿಂತ, ಎಲ್ಲರೂ ಒಬ್ಬರ ಎ ಸ್ವರ ತೆಗೆದುಕೊಂಡು ಒಟ್ಟಿಗೆ ಸೇರಿಸಿ. ಐದು ನಿಮಿಷ ಹೋದರೆ ಹೋಗಲಿ. ಆ ಐದು ನಿಮಿಷದಲ್ಲೇ ಗುಂಪು ಒಬ್ಬರನ್ನೊಬ್ಬರು ಕೇಳಲು ಶುರು ಮಾಡುತ್ತದೆ.

ಎರಡನೇ ವಯಲಿನ್

ಒಳ್ಳೆಯದೇ ಕೇಳಿ ಹೋಗಬೇಡಿ, ಇದನ್ನೂ ತಿಳಿದುಕೊಂಡಿರಿ. ಒಂದು ಕೋರ್ಸ್‌ನಲ್ಲಿ ನನ್ನ ಗುಂಪಿನ ಒಬ್ಬರು ಪ್ರತಿ ನಾಲ್ಕು ಬಾರ್‌ಗೆ (ತಾಳದ ಒಂದು ಸುತ್ತು ಒಂದು ಬಾರ್) ನಿಲ್ಲಿಸಿ ಉಳಿದವರಿಗೆ ಪಾಠ ಹೇಳುತ್ತಿದ್ದರು. ಸಂಘಟಕರಿಗೆ ಹೇಳಿದರೆ 'ಹೊಂದಿಕೊಳ್ಳಿ' ಅಂದರು. ವಾರ ಪೂರ್ತಿ ಒಂದು ಮೂವ್‌ಮೆಂಟ್ (ಕೃತಿಯ ಒಂದು ಭಾಗ) ಕೂಡ ಕೊನೆವರೆಗೆ ನುಡಿಸಲಿಲ್ಲ. ಇವತ್ತಿಗೂ ಆ ಕ್ವಾರ್ಟೆಟ್ ಕೇಳಿದರೆ ಮನಸ್ಸಿಗೆ ಕಷ್ಟವಾಗುತ್ತದೆ. ಅರ್ಜಿ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿ: ಗುಂಪು ಹೊಂದದಿದ್ದರೆ ಯಾವ ದಿನದೊಳಗೆ ಬದಲಿಸುತ್ತೀರಿ? ಸರಿಯಾದ ಉತ್ತರ ಕೊಡದ ಕಡೆಗೆ ನಾನು ಈಗ ಹೋಗುವುದಿಲ್ಲ.

ಮೊದಲ ವಯಲಿನ್

ಇದು ನಿಜಕ್ಕೂ ಬೇಸರದ ಸಂಗತಿ. ನಿಲ್ಲಿಸುವ ಹಕ್ಕು ಮೊದಲ ವಯಲಿನ್‌ಗೆ ಮಾತ್ರ ಅಂತ ಅಂದುಕೊಂಡವರು ಇದ್ದಾರೆ. ನಮ್ಮ ಗುಂಪುಗಳಲ್ಲಿ ಒಂದು ಕಟ್ಟು ಮಾಡಿಕೊಂಡಿದ್ದೇವೆ. ಮೊದಲ ಸಲ ಏನೇ ಆದರೂ ಕೊನೆವರೆಗೆ ನುಡಿಸುವುದು. ಆಮೇಲೆ ಒಬ್ಬೊಬ್ಬರೂ ಒಂದೊಂದು ಜಾಗ ಹೇಳುವುದು, ಆ ಜಾಗ ಮಾತ್ರ ತಿದ್ದುವುದು. ರಿಪೀಟ್ ತೆಗೆದುಕೊಳ್ಳುತ್ತೇವಾ ಬಿಡುತ್ತೇವಾ ಅನ್ನುವುದು ಶುರುವಿಗೇ ತೀರ್ಮಾನ.

ಪಿಯಾನೊ

ಮೈ ಬಗ್ಗೆಯೂ ಹೇಳಬೇಕು. ದಿನಾ ಮುಕ್ಕಾಲು ಗಂಟೆ ನುಡಿಸುವವರು ಇದ್ದಕ್ಕಿದ್ದಂತೆ ಐದಾರು ಗಂಟೆ ನುಡಿಸಿದರೆ ಕೈ ಹಿಡಿದುಕೊಳ್ಳುತ್ತದೆ. ಹೋಗುವ ಕೆಲವು ವಾರ ಮುಂಚಿನಿಂದ ಹೊತ್ತು ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಅಲ್ಲಿ ಹೋದ ಮೇಲೆ ಮಧ್ಯಾಹ್ನ ಒಂದು ಹೊತ್ತು ವಾದ್ಯ ಮುಟ್ಟಬೇಡಿ, ಎಷ್ಟೇ ಆಸೆಯಾದರೂ. ನೋವು ಬಂದರೆ ನಿಲ್ಲಿಸಿ, ಗುಂಪಿಗೆ ಹೇಳಿ. ಅದನ್ನು ಸಹಿಸಿಕೊಂಡು ನುಡಿಸಿ ತಿಂಗಳುಗಟ್ಟಲೆ ವಾದ್ಯ ಬಿಟ್ಟವರನ್ನು ನೋಡಿದ್ದೇನೆ.

ಹೊಸ ವಯಲಿನ್

ಅರ್ಜಿ ಕಳಿಸಿಬಿಟ್ಟೆ! ಸಿ ಅಂತ ಬರೆದೆ. ಇತರೆ ವಿವರದಲ್ಲಿ ನೀವು ಹೇಳಿದ್ದನ್ನೆಲ್ಲ ತುಂಬಿದೆ. ಗುಂಪು ಬದಲಿಸುವ ಪ್ರಶ್ನೆಯನ್ನೂ ಕೇಳಿದೆ. ಎರಡನೇ ದಿನ ಸಂಜೆಯೊಳಗೆ ಬದಲಿಸುತ್ತೇವೆ ಅಂತ ಉತ್ತರ ಬಂತು. ನನಗೆ ಎರಡನೇ ವಯಲಿನ್ ಪಾರ್ಟ್ ಕೊಟ್ಟಿದ್ದಾರೆ. ಮುಖ್ಯ ಕೃತಿ ಶೂಬರ್ಟ್‌ನ ಇ ಫ್ಲ್ಯಾಟ್ ಕ್ವಾರ್ಟೆಟ್, ಅವರ ಕೃತಿಪಟ್ಟಿಯಲ್ಲಿ ಡಿ. 87. ಸಂಜೆ ಓದಲು ಹೈಡನ್‌ನ 'ಎಂಪರರ್' ಕ್ವಾರ್ಟೆಟ್‌ನ ಎರಡನೇ ಮೂವ್‌ಮೆಂಟ್. ಎಲ್ಲಿಂದ ಶುರು ಮಾಡಲಿ?

ವಯೋಲಾದವಳು

ತುಂಬಾ ಸಂತೋಷ! ಆಯ್ಕೆ ಮಾಡಿದವರಿಗೆ ಕೆಲಸ ಗೊತ್ತಿದೆ. ಡಿ. 87 ಶೂಬರ್ಟ್ 1813ರಲ್ಲಿ, 16ನೇ ವಯಸ್ಸಿನಲ್ಲಿ ಬರೆದದ್ದು. ಅವರ ಮನೆಯಲ್ಲೇ ಒಂದು ಕ್ವಾರ್ಟೆಟ್ ಇತ್ತು. ಇಬ್ಬರು ಅಣ್ಣಂದಿರು ವಯಲಿನ್, ಅಪ್ಪ ಚೆಲ್ಲೊ, ಅವರು ವಯೋಲಾ. ಮನೆ ಮಂದಿ ಕೂತು ನುಡಿಸುವಂಥ ಸಂಗೀತ ಅದು.

ನಾಲ್ಕೂ ಮೂವ್‌ಮೆಂಟ್ ಇ ಫ್ಲ್ಯಾಟ್ ಮೇಜರ್‌ನಲ್ಲೇ ಇವೆ. ಹಾಗಾಗಿ ಮೊದಲ ವಾರ ಬೇರೆ ಏನೂ ಬೇಡ, ಇ ಫ್ಲ್ಯಾಟ್ ಸ್ಕೇಲ್ ನಿಧಾನವಾಗಿ ನುಡಿಸಿ. ಈ ಸ್ಕೇಲ್‌ನಲ್ಲಿ ವಯಲಿನ್‌ನ ಬಿಟ್ಟ ತಂತಿಗಳಲ್ಲಿ ಜಿ ಮತ್ತು ಡಿ ಮಾತ್ರ ಬರುತ್ತವೆ. ಎ ಮತ್ತು ಇ ಎರಡೂ ಫ್ಲ್ಯಾಟ್, ಅಂದರೆ ಬೆರಳಲ್ಲೇ ಹಿಡಿಯಬೇಕು. ಮೊದಲ ಬೆರಳು ಎಷ್ಟು ಹಿಂದಕ್ಕೆ ಬರಬೇಕು ಅಂತ ಕೈಗೆ ರೂಢಿಯಾದರೆ ಅರ್ಧ ಕ್ವಾರ್ಟೆಟ್ ಹಿಡಿತಕ್ಕೆ ಬಂದಂತೆ. ಆಮೇಲೆ ಮೂರನೆಯದಾದ ನಿಧಾನದ ಅಡಾಜಿಯೊ ತೆಗೆದುಕೊಳ್ಳಿ. ಸ್ಕೆರ್ಟ್ಸೊ ಅತಿ ವೇಗದ್ದು, ಅದನ್ನು ಕೊನೆಗಿಡಿ. ಗುಂಪಿನಲ್ಲಿ ಎಷ್ಟು ವೇಗ ಅಂತ ಅಲ್ಲೇ ನಿರ್ಧಾರವಾಗುತ್ತದೆ.

'ಎಂಪರರ್' ನಿಮಗೆ ಬಹುಮಾನ ಅಂದುಕೊಳ್ಳಿ. ಆ ಮೂವ್‌ಮೆಂಟ್‌ನಲ್ಲಿ ಒಂದೇ ಧಾಟಿ ಸರದಿ ಪ್ರಕಾರ ನಾಲ್ವರಿಗೂ ಬರುತ್ತದೆ. ಮೊದಲ ವೇರಿಯೇಶನ್ (ಧಾಟಿಯ ಬದಲಿ ರೂಪ) ಎರಡು ವಯಲಿನ್‌ಗಳದ್ದು ಮಾತ್ರ. ಧಾಟಿ ಪೂರ್ತಿ ನಿಮ್ಮದು, ಮೊದಲ ವಯಲಿನ್ ಅದರ ಸುತ್ತ ಓಡುತ್ತಿರುತ್ತದೆ. ನಿಮ್ಮ ಸ್ವರಗಳು ಸುಲಭ. ಆದ್ದರಿಂದ ಆ ಓಟವನ್ನು ಕೇಳುತ್ತಾ ನುಡಿಸಿ, ಅವರಿಗೆ ಉಸಿರಾಡಲು ಜಾಗ ಕೊಡಿ. ಎರಡನೆಯದು ಚೆಲ್ಲೊಗೆ. ಮೂರನೆಯದು ನಮ್ಮ ವಯೋಲಾಕ್ಕೆ, ಅಲ್ಲಿ ದಯವಿಟ್ಟು ಮೆತ್ತಗೆ ನುಡಿಸಿ!

ಚೆಲ್ಲೊ ಗೆಳೆಯ

ಶುಭವಾಗಲಿ. ಪಾರ್ಟ್ ಪ್ರಿಂಟ್ ಮಾಡಿಕೊಳ್ಳುವ ಮುಂಚೆ ನಾಲ್ವರದೂ ಒಂದೇ ಎಡಿಶನ್ನಾ ಅಂತ ಸಂಘಟಕರನ್ನು ಇವತ್ತೇ ಕೇಳಿ. ಬೇರೆ ಬೇರೆ ಎಡಿಶನ್ ಆದರೆ ದೊಡ್ಡ ಅಕ್ಷರಗಳು ಬೇರೆ ಬೇರೆ ಜಾಗದಲ್ಲಿರುತ್ತವೆ, ಕಮಾನಿನ ಗುರುತುಗಳೂ ಬೇರೆ. ಹಳೇ ಪಾರ್ಟ್‌ಗಳಲ್ಲಿ ಎಷ್ಟೋ ಸಲ ಬಾರ್ ನಂಬರ್ ಇರುವುದೇ ಇಲ್ಲ. ಇಲ್ಲದಿದ್ದರೆ ಪ್ರತಿ ಸಾಲಿನ ಶುರುವಿಗೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಒಂದು ಜೊತೆ ತಂತಿ ಹೆಚ್ಚಿಗೆ ಇಟ್ಟುಕೊಳ್ಳಿ, ಇ ತಂತಿ ಎರಡು ಇರಲಿ.